ತುರಿಕೆಯಿಲ್ಲದವರಿಗೂ ಮದ್ದು

ಶಾಲೆ ಶುರುವಾಗಿ ಒಂದೆರಡು ವಾರ ಕಳೆದ ಮೇಲೆ ಬೆಳಗಿನ ಪ್ರಾರ್ಥನೆಯ ಸಾಲನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಕಣ್ಣು ಮುಚ್ಚಿ ಕೈ ಮುಗಿದ ಮಕ್ಕಳಲ್ಲಿ ಒಬ್ಬನ ಉಗುರು ಮೆಲ್ಲಗೆ ಇನ್ನೊಂದು ಕೈಯ ಬೆರಳ ಸಂದಿಗೆ ಇಳಿಯುತ್ತದೆ. ಪಕ್ಕದವಳು ಜಡೆಯ ಬುಡ ಕೆರೆದುಕೊಳ್ಳುತ್ತಾಳೆ. ಮತ್ತೊಬ್ಬನ ಕೆನ್ನೆಯ ಮೇಲೆ ಮಾಸಲು ಬಿಳಿಯ ಮಚ್ಚೆ. ಹಿಂದಿನ ಸಾಲಿನ ಪುಟ್ಟವನ ಮೊಣಕಾಲ ಕೆಳಗೆ ಸೊಳ್ಳೆ ಕಚ್ಚಿದ್ದನ್ನು ಕೆರೆದು ಕೆರೆದು ಉಳಿದ ಕಪ್ಪು ಕಲೆಗಳು. "ನೆಟ್ಟಗೆ ನಿಲ್ರೋ" ಎಂದು ಮೇಷ್ಟ್ರು ಗದರುತ್ತಾರೆ. ಮಕ್ಕಳಿಗೂ ನೆಟ್ಟಗೆ ನಿಲ್ಲುವ ಮನಸ್ಸಿದೆ, ಚರ್ಮ ಬಿಡಬೇಕಲ್ಲ!

ಮಕ್ಕಳ ಚರ್ಮದ ತೊಂದರೆಗಳು ಹೇಗೆಂದರೆ ಹಾಗೆ ಬರುವುದಿಲ್ಲ. ಪಂಚಾಂಗದಲ್ಲಿ ಹಬ್ಬಗಳಿಗೆ ಇರುವಂತೆ ಅವಕ್ಕೂ ಅವುಗಳದೇ ಕಾಲವಿದೆ. ಬೇಸಿಗೆಯಲ್ಲಿ ಕತ್ತು, ಬೆನ್ನು, ಹಣೆಯ ಮೇಲೆ ಬೆವರುಸಾಲೆ. ಅದರ ಬೆನ್ನಿಗೇ ಕೀವು ತುಂಬಿದ ಕುರು. ಚಳಿ ಮುಗಿದು ಬಿಸಿಲು ಏರುವ ತಿಂಗಳುಗಳಲ್ಲಿ ಸೀತಾಳೆ ಸಿಡುಬು. ಮಳೆಗಾಲದಲ್ಲಿ ಒಣಗದ ಬಟ್ಟೆ, ಒದ್ದೆ ಕಾಲುಚೀಲಗಳ ಜೊತೆಗೆ ಗಜಕರ್ಣ, ಸಾಲದ್ದಕ್ಕೆ ಕ್ರಿಮಿಕೀಟ ಕಚ್ಚಿದ ಗುಳ್ಳೆಗಳು. ಚಳಿ ಬಂತೆಂದರೆ ಒಣ ಚರ್ಮ, ಉರಿಯುವ ಇಸುಬು. ಒಂದೇ ಕಂಬಳಿಯಡಿ ಮೂರು ಮಕ್ಕಳು ಒತ್ತಿಕೊಂಡು ಮಲಗುವ ಆ ದಿನಗಳಲ್ಲಿ ಕಜ್ಜಿಗೂ ಸುಗ್ಗಿ.

ವಯಸ್ಸಿಗೂ ಒಂದು ಕ್ರಮವಿದೆ. ಹಸುಗೂಸಿಗೆ ಡೈಪರ್ ಕಟ್ಟಿದ ಜಾಗದಲ್ಲಿ ಕೆಂಪು, ನೆತ್ತಿಯ ಮೇಲೆ ಎಣ್ಣೆಜಿಡ್ಡಿನ ಹೊಟ್ಟು. ಇಸುಬು ಬರುವ ಮಕ್ಕಳಲ್ಲಿ ಬಹುಪಾಲು ಮಂದಿಗೆ ಅದು ಐದು ವರ್ಷ ತುಂಬುವುದರೊಳಗೇ ತಲೆಹಾಕಿರುತ್ತದೆ. ಎಳೆಯ ಕೂಸಿಗೆ ಕೆನ್ನೆಯ ಮೇಲೆ, ದೊಡ್ಡದಾದ ಮೇಲೆ ಮೊಣಕೈ, ಮೊಣಕಾಲಿನ ಮಡಿಕೆಗಳಲ್ಲಿ. ಅಂಗನವಾಡಿಯ ವಯಸ್ಸಿನಲ್ಲಿ ಮೂಗು, ಬಾಯಿಯ ಸುತ್ತ ಒಡೆದು ಜೇನಿನ ಬಣ್ಣದ ಹಕ್ಕಳೆ ಕಟ್ಟುವ ಹುಣ್ಣುಗಳು. ಶಾಲೆಯ ವಯಸ್ಸಿಗೆ ಹೇನು, ಕಜ್ಜಿ, ನರಹುಲಿ, ನಡುವೆ ಸಣ್ಣ ಕುಳಿಯಿರುವ ಮುತ್ತಿನಂಥ ಗುಳ್ಳೆಗಳು. ಮೀಸೆ ಚಿಗುರುವ ಹೊತ್ತಿಗೆ ಮೊಡವೆ. ಇವುಗಳಲ್ಲಿ ಎಷ್ಟೋ ತಾವಾಗಿಯೇ ಹೋಗುತ್ತವೆ. ಮುತ್ತಿನಂಥ ಗುಳ್ಳೆಗಳು ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಮಾಯವಾಗುತ್ತವೆ. ಹಿಸುಕಿದರೆ ಮಾತ್ರ ಇನ್ನಷ್ಟು ಹರಡುತ್ತವೆ. ದೊಡ್ಡವರು ಕಲಿಯಬೇಕಾದ ಮೊದಲ ಪಾಠವೇ ಇದು: ಎಲ್ಲಿ ಕಾಯಬೇಕು, ಎಲ್ಲಿ ಕಾಯಬಾರದು.

ಕೆನ್ನೆಯ ಆ ಬಿಳಿ ಮಚ್ಚೆಯನ್ನೇ ತೆಗೆದುಕೊಳ್ಳಿ. "ಹೊಟ್ಟೆಯಲ್ಲಿ ಹುಳ ಇದೆ" ಎನ್ನುತ್ತಾರೆ ಅಜ್ಜಿ. "ಕ್ಯಾಲ್ಸಿಯಂ ಕಡಿಮೆ" ಎನ್ನುತ್ತಾರೆ ಪಕ್ಕದ ಮನೆಯವರು. "ತೊನ್ನಿರಬಹುದೇ" ಎಂದು ತಾಯಿ ರಾತ್ರಿಯಿಡೀ ನಿದ್ದೆಗೆಡುತ್ತಾಳೆ. ಸಾಮಾನ್ಯವಾಗಿ ಅದು ಈ ಮೂರೂ ಆಗಿರುವುದಿಲ್ಲ. ಒಣ ಚರ್ಮದ ಮಕ್ಕಳಲ್ಲಿ ಕಾಣಿಸುವ ಇಸುಬಿನ ಒಂದು ಮೃದು ರೂಪ ಅದು. ನಮ್ಮಂಥ ಕಂದು ಬಣ್ಣದವರಲ್ಲಿ ಬಿಸಿಲಿಗೆ ಸುತ್ತಲಿನ ಚರ್ಮ ಇನ್ನಷ್ಟು ಕಪ್ಪಾಗುವುದರಿಂದ ಎದ್ದು ಕಾಣುತ್ತದೆ, ಅಷ್ಟೆ. ದಿನಕ್ಕೆರಡು ಸಲ ಒಂದಿಷ್ಟು ಕೊಬ್ಬರಿ ಎಣ್ಣೆಯನ್ನೋ ಸಾದಾ ತೇವಕಾರಕವನ್ನೋ ಹಚ್ಚಿ ಕಾದರೆ ತಿಂಗಳುಗಳಲ್ಲಿ ಬಣ್ಣ ಮರಳುತ್ತದೆ. ಆದರೆ ಇಲ್ಲೇ ಒಂದು ಎಚ್ಚರವೂ ಬೇಕು. ಮೈಮೇಲಿನ ಯಾವುದೇ ಮಾಸಲು ಮಚ್ಚೆಯಲ್ಲಿ ಹತ್ತಿಯ ಎಳೆ ಸೋಕಿಸಿದರೂ ಮಗುವಿಗೆ ಗೊತ್ತಾಗದಿದ್ದರೆ ತಡ ಮಾಡಬಾರದು. ಕುಷ್ಠದ ಮೊದಲ ಗುರುತು ಹಾಗಿರಬಹುದು. ಇಂದು ಅದು ಪೂರ್ತಿ ವಾಸಿಯಾಗುವ ಕಾಯಿಲೆ. ಸರಕಾರಿ ಆಸ್ಪತ್ರೆಯಲ್ಲಿ ಮದ್ದು ಉಚಿತ. ತಡಮಾಡದೆ ಚಿಕಿತ್ಸೆ ಪಡೆದ ಮಗುವಿಗೆ ಅಂಗವೈಕಲ್ಯದ ಭಯವೂ ಇರುವುದಿಲ್ಲ.

ಇಷ್ಟೆಲ್ಲ ಬಗೆಗಳಲ್ಲಿ ಗೃಹಸ್ಥರಾದ ನಮ್ಮನ್ನು ನಿಜವಾಗಿ ಪರೀಕ್ಷೆಗೆ ಒಡ್ಡುವುದು ಕಜ್ಜಿ. ಅದರ ಕಾರಣ ಒಂದು ನುಸಿ. ಹೆಣ್ಣು ನುಸಿಯ ಉದ್ದ ಅರ್ಧ ಮಿಲಿಮೀಟರಿಗೂ ಕಡಿಮೆ. ಚರ್ಮದ ಮೇಲ್ಪದರದಲ್ಲಿ ಸಣ್ಣ ಸುರಂಗ ಕೊರೆದು ದಿನಕ್ಕೆ ಎರಡೋ ಮೂರೋ ಮೊಟ್ಟೆ ಇಡುತ್ತದೆ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ, ಸೊಂಟದ ಉಡಿದಾರದ ಜಾಗ ಅದಕ್ಕೆ ಇಷ್ಟ. ಕೂಸುಗಳಲ್ಲಿ ಅಂಗೈ, ಅಂಗಾಲು, ತಲೆಯನ್ನೂ ಬಿಡುವುದಿಲ್ಲ. ರಾತ್ರಿ ಹೊದಿಕೆಯೊಳಗೆ ಮೈ ಬೆಚ್ಚಗಾದಾಗ ತುರಿಕೆ ಹೆಚ್ಚು. ಮಗು ತರಗತಿಯಲ್ಲಿ ತೂಕಡಿಸುತ್ತಿದ್ದರೆ ಅದರ ರಾತ್ರಿ ಹೇಗೆ ಕಳೆಯಿತೆಂದು ಒಮ್ಮೆ ಕೇಳಬೇಕು.

ಈ ನುಸಿಯನ್ನು ಮೊದಲು ಕಂಡವರಲ್ಲಿ ತಾಯಂದಿರೂ ಇದ್ದರು. 1687ರಲ್ಲಿ ಇಟಲಿಯ ವೈದ್ಯ ಜೊವಾನ್ ಕೊಸಿಮೊ ಬೊನೊಮೊ ಕಜ್ಜಿಯ ಬಗ್ಗೆ ಒಂದು ಪತ್ರ ಬರೆದ. ಬಡ ಹೆಂಗಸರು ತಮ್ಮ ಮಕ್ಕಳ ಮೈಯಿಂದ ಸೂಜಿಯ ಮೊನೆಯಲ್ಲಿ ಏನನ್ನೋ ಎತ್ತಿ ತೆಗೆಯುವುದನ್ನು ನೋಡಿ, ಅದನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು ನುಸಿಯ ಚಿತ್ರ ಬರೆದು ತೋರಿಸಿದ. ದೊಡ್ಡ ವೈದ್ಯರು ಒಪ್ಪಲಿಲ್ಲ. ಕಜ್ಜಿ ಕೆಟ್ಟ ರಕ್ತದಿಂದಲೇ ಬರುತ್ತದೆ ಎಂಬ ಮಾತು ಇನ್ನೂ ನೂರೈವತ್ತು ವರ್ಷ ನಡೆಯಿತು. 1834ರಲ್ಲಿ ಕಾರ್ಸಿಕಾ ದ್ವೀಪದಿಂದ ಪ್ಯಾರಿಸ್ಸಿಗೆ ಓದಲು ಬಂದ ರೆನುಚ್ಚಿ ಎಂಬ ವೈದ್ಯಕೀಯ ವಿದ್ಯಾರ್ಥಿ, ತನ್ನೂರಿನ ಹೆಂಗಸರಿಂದ ಕಲಿತ ಅದೇ ಸೂಜಿಯ ವಿದ್ಯೆಯಿಂದ ಗುರುಗಳ ಎದುರೇ ನುಸಿಯನ್ನು ಎತ್ತಿ ತೋರಿಸಿದ. ಆಮೇಲೆ ವಾದ ಮುಗಿಯಿತು. ಮಗುವನ್ನು ಮಡಿಲಲ್ಲಿಟ್ಟುಕೊಂಡು ದಿನವೂ ನೋಡುವವರ ಕಣ್ಣಿಗೆ ಎಷ್ಟೋ ಸಲ ಶಾಸ್ತ್ರಕ್ಕಿಂತ ಮೊದಲೇ ಸತ್ಯ ಕಾಣುತ್ತದೆ. ಹಾಗಾಗಿ "ಯಾಕೋ ಇವನು ತುಂಬಾ ಕೆರ್ಕೊಳ್ತಾನೆ" ಎಂದು ಮನೆಯಲ್ಲಿ ಯಾರಾದರೂ ಅಂದರೆ ಆ ಮಾತನ್ನು ತಳ್ಳಿಹಾಕಬಾರದು.

ಕಜ್ಜಿಯ ಬಹುದೊಡ್ಡ ಗುಟ್ಟು ಅದರ ಮೌನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಕೆನೆತ್ ಮೆಲನ್ಬಿ ಎಂಬ ವಿಜ್ಞಾನಿ ಇದರ ಬೆನ್ನುಹತ್ತಿದ. ಯುದ್ಧ ಮಾಡಲು ಮನಸ್ಸೊಪ್ಪದೆ ಸೈನ್ಯ ಸೇರಲು ನಿರಾಕರಿಸಿದ ಕೆಲವು ಯುವಕರು ಅವನ ಪ್ರಯೋಗಕ್ಕೆ ತಮ್ಮ ಮೈಯನ್ನೇ ಒಡ್ಡಿದರು. ಕಜ್ಜಿಯಾದ ಸೈನಿಕರು ಬಳಸಿದ ಹೊದಿಕೆಯನ್ನು ಹೊದ್ದರು, ಅವರ ಒಳಬಟ್ಟೆಗಳನ್ನೂ ತೊಟ್ಟರು. ಹಾಗೆ ಕಜ್ಜಿ ಅಂಟಿದ್ದು ತೀರ ಅಪರೂಪ. ಮೈಗೆ ಮೈ ತಾಗಿ ಹೆಚ್ಚು ಹೊತ್ತು ಇದ್ದಾಗಲೇ ಅದು ದಾಟುತ್ತದೆ ಎಂದು ತಿಳಿಯಿತು. ಜೊತೆಗೆ ಇನ್ನೊಂದು ಸಂಗತಿಯೂ ಹೊರಬಿತ್ತು. ಮೊದಲ ಸಲ ಕಜ್ಜಿ ಅಂಟಿದವರಿಗೆ ಸುಮಾರು ಒಂದು ತಿಂಗಳು ತುರಿಕೆಯೇ ಇರುವುದಿಲ್ಲ. ನುಸಿ ಆಗಲೇ ಒಳಗಿರುತ್ತದೆ, ಸದ್ದಿಲ್ಲದೆ ಮನೆಯವರಿಗೆ ದಾಟುತ್ತಲೂ ಇರುತ್ತದೆ. ನಾಲ್ಕರಿಂದ ಆರು ವಾರ ಕಳೆದು ದೇಹ ಅದನ್ನು ಗುರುತಿಸಿ ಸಿಡುಕಿದಾಗ ಮಾತ್ರ ನಮಗೆ ಗೊತ್ತಾಗುವುದು.

ಚಿಕಿತ್ಸೆಯ ಕ್ರಮ ಹುಟ್ಟಿದ್ದೂ ಈ ತಿಳಿವಳಿಕೆಯಿಂದಲೇ. ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಶೇಕಡಾ 5ರ ಪರ್ಮೆಥ್ರಿನ್ ಮುಲಾಮನ್ನು ರಾತ್ರಿ ಮಲಗುವ ಮೊದಲು ಕತ್ತಿನಿಂದ ಅಂಗಾಲಿನವರೆಗೆ, ಬೆರಳ ಸಂದಿ, ಉಗುರಿನಡಿ, ಹೊಕ್ಕುಳು ಯಾವುದನ್ನೂ ಬಿಡದೆ ಹಚ್ಚಬೇಕು. ಎಳೆಯ ಮಕ್ಕಳಿಗೆ ವೈದ್ಯರು ಹೇಳಿದಂತೆ ತಲೆಗೂ ಹಚ್ಚಬೇಕಾಗುತ್ತದೆ. ಎಂಟರಿಂದ ಹದಿನಾಲ್ಕು ಗಂಟೆ ಬಿಟ್ಟು ಸ್ನಾನ. ವಾರದ ಮೇಲೆ ಇನ್ನೊಮ್ಮೆ. ಹಿಂದಿನ ಮೂರು ದಿನ ತೊಟ್ಟ, ಹೊದ್ದ ಬಟ್ಟೆಗಳನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು. ಮನೆಯ ಗೋಡೆ, ನೆಲಕ್ಕೆಲ್ಲ ಔಷಧಿ ಹೊಡೆಯಬೇಕಿಲ್ಲ. ನುಸಿ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಉಳಿಯಬಹುದು. ಗುಣವಾಗಲಿಲ್ಲವೆಂದು ಗಾಬರಿಬಿದ್ದು ದಿನವೂ ಮುಲಾಮು ಬಳಿದರೆ ಚರ್ಮ ಇನ್ನಷ್ಟು ಉರಿಯುತ್ತದೆ. ಎರಡು ತಿಂಗಳು ತುಂಬದ ಕೂಸಿಗೆ, ಗರ್ಭಿಣಿಗೆ ಮಾತ್ರ ವೈದ್ಯರನ್ನು ಕೇಳದೆ ಏನನ್ನೂ ಹಚ್ಚಬಾರದು.

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದ, ಎಲ್ಲಕ್ಕಿಂತ ಹೆಚ್ಚು ಮನೆಗಳಲ್ಲಿ ತಪ್ಪಿಹೋಗುವ ನಿಯಮ ಒಂದಿದೆ: ಮನೆಯ ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. "ನಂಗೇನೂ ತುರಿಕೆ ಇಲ್ಲಮ್ಮ, ನಂಗ್ಯಾಕೆ" ಎನ್ನುತ್ತಾರೆ ಅಜ್ಜ. ಅಪ್ಪನಿಗೆ ಡ್ಯೂಟಿ ಮುಗಿದು ಬರುವ ಹೊತ್ತಿಗೆ ಸಾಕಾಗಿರುತ್ತದೆ, ನಾಳೆ ನೋಡೋಣ ಅನ್ನುತ್ತಾನೆ. ಅಮ್ಮ ಮಕ್ಕಳಿಗೆಲ್ಲ ಹಚ್ಚಿ ಮುಗಿಸುವಷ್ಟರಲ್ಲಿ ಟ್ಯೂಬ್ ಖಾಲಿ, ತನಗೇ ಇಲ್ಲ. ಹತ್ತು ದಿನ ಮಗು ಆರಾಮವಾಗಿರುತ್ತದೆ. ಆಮೇಲೆ ಅಜ್ಜನ ಪಕ್ಕದಲ್ಲೋ ಅಮ್ಮನ ಮಗ್ಗುಲಲ್ಲೋ ಮಲಗಿ ಮತ್ತೆ ಅಂಟಿಸಿಕೊಳ್ಳುತ್ತದೆ. ಎರಡನೆಯ ಸಲ ತುರಿಕೆಗೆ ತಿಂಗಳು ಬೇಕಿಲ್ಲ, ಒಂದೆರಡು ದಿನಗಳಲ್ಲೇ ಶುರು. ಆಗ ಬೈಗುಳ ತಿನ್ನುವುದು ಮದ್ದು, ಇಲ್ಲವೇ ಮಗು. ತನಗೆ ನೋವಿಲ್ಲದಾಗಲೂ ಇನ್ನೊಬ್ಬರ ಸಲುವಾಗಿ ಒಂದು ರಾತ್ರಿ ಅಂಟಂಟು ಮೈಯಲ್ಲಿ ಮಲಗುವುದು ಸಣ್ಣ ತ್ಯಾಗ. ಧರ್ಮವೆಂದು ನಾವು ಕರೆಯುವುದರಲ್ಲಿ ಬಹುಪಾಲು ಇಷ್ಟೇ ಸಣ್ಣದು, ಇಷ್ಟೇ ಉಪಯೋಗದ್ದು.

ಈ ನಿಯಮವನ್ನು ಹೊಸ್ತಿಲಾಚೆಗೂ ಒಯ್ಯಬೇಕಲ್ಲ ಎಂಬಲ್ಲಿ ತೊಡಕು ಶುರುವಾಗುತ್ತದೆ. ಮಗು ಪಕ್ಕದ ಮನೆಯ ಮಕ್ಕಳೊಂದಿಗೆ ಮೈಕೈ ಹಿಡಿದು ಆಡಿರುತ್ತದೆ, ರಜೆಯಲ್ಲಿ ಸೋದರತ್ತೆಯ ಮನೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗಿರುತ್ತದೆ. ಅವರಿಗೆಲ್ಲ ಹೇಳಬೇಕು. ಆದರೆ ನಾಲಿಗೆ ಏಳುವುದಿಲ್ಲ. ಕಜ್ಜಿ ಎಂದರೆ ಕೊಳಕು, ಕೊಳಕೆಂದರೆ ತಾಯಿಯ ತಪ್ಪು ಎಂಬ ಲೆಕ್ಕ ನಮ್ಮಲ್ಲಿ ಬೇರೂರಿದೆ. ನುಸಿಗೆ ಆ ಲೆಕ್ಕ ಗೊತ್ತಿಲ್ಲ. ದಿನಕ್ಕೆರಡು ಸಲ ಸೋಪು ಹಚ್ಚಿ ಮೀಯುವವರ ಚರ್ಮದೊಳಗೂ ಅದು ಸುಖವಾಗಿಯೇ ಇರುತ್ತದೆ, ಸ್ನಾನದಿಂದ ತೊಳೆದುಹೋಗುವುದಿಲ್ಲ. ಅದಕ್ಕೆ ಬೇಕಾದದ್ದು ಒತ್ತೊತ್ತಾಗಿ ಮಲಗುವ ಮನುಷ್ಯರು. ಎರಡು ಕೋಣೆಯ ಮನೆ, ತುಂಬಿದ ವಿದ್ಯಾರ್ಥಿ ನಿಲಯಗಳಲ್ಲಿ ಕಜ್ಜಿ ಹೆಚ್ಚೆಂದರೆ ಅಲ್ಲಿ ಜಾಗ ಸಾಲದು ಎಂದೇ ಅರ್ಥ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಜ್ಜಿಯನ್ನು ಜಗತ್ತು ಕಡೆಗಣಿಸಿರುವ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಯಾವುದೇ ಒಂದು ಹೊತ್ತಿನಲ್ಲಿ ಲೋಕದಲ್ಲಿ 20 ಕೋಟಿಗೂ ಹೆಚ್ಚು ಮಂದಿಗೆ ಅದಿರುತ್ತದೆ ಎನ್ನುವುದು ಆ ಸಂಸ್ಥೆಯ ಅಂದಾಜು. ಅಷ್ಟು ಜನರ ಪಾಲಿಗೆ ಬಂದದ್ದನ್ನು ಒಬ್ಬ ತಾಯಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ನಾಚಿಕೆ ಜನರನ್ನು ಎಲ್ಲಿಗೆ ಕರೆದೊಯ್ಯುತ್ತದೆ ಎಂದರೆ ಔಷಧಿ ಅಂಗಡಿಯ ಮೂಲೆಗೆ. ಯಾರೂ ಇಲ್ಲದ ಹೊತ್ತು ನೋಡಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎನ್ನುತ್ತೇವೆ. ಸಿಗುವುದು ಸ್ಟೀರಾಯ್ಡ್ ಬೆರೆಸಿದ ಮುಲಾಮು. ಎರಡೇ ದಿನಕ್ಕೆ ತುರಿಕೆ ಇಳಿಯುವುದರಿಂದ ಅದರ ಮೇಲೆ ನಂಬಿಕೆ ಬಲಿಯುತ್ತದೆ. ಒಳಗೆ ಆಗುವುದೇ ಬೇರೆ. ಗಜಕರ್ಣವಾಗಿದ್ದರೆ ಮೈಯ ಪ್ರತಿರೋಧವೇ ತಗ್ಗಿ ಶಿಲೀಂಧ್ರ ನಿಶ್ಚಿಂತೆಯಿಂದ ಹರಡುತ್ತದೆ, ಗುರುತಿನ ಉಂಗುರ ಅಳಿಸಿಹೋಗಿ ವೈದ್ಯರಿಗೂ ಹಿಡಿಯುವುದು ಕಷ್ಟವಾಗುತ್ತದೆ. ಕಜ್ಜಿಯಾಗಿದ್ದರೆ ತುರಿಕೆ ಅಡಗಿ ನುಸಿ ಉಳಿಯುತ್ತದೆ. ಮಕ್ಕಳ ತೆಳು ಚರ್ಮವಂತೂ ಬೇಗ ಸವೆದು ಬಿಳುಚುತ್ತದೆ. ದೇಶದಲ್ಲಿ ಮದ್ದಿಗೆ ಬಗ್ಗದ ಗಜಕರ್ಣ ಹಬ್ಬಿರುವುದಕ್ಕೆ ಈ ಮುಲಾಮುಗಳೂ ಒಂದು ಕಾರಣವೆಂದು ಚರ್ಮವೈದ್ಯರು ಹೇಳುತ್ತ ಬಂದಿದ್ದಾರೆ. 2018ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕಟ್ಟು ಬಿಗಿಮಾಡಿತು. ಸ್ಟೀರಾಯ್ಡೇ ಕೆಟ್ಟದ್ದು ಎಂದಲ್ಲ. ಇಸುಬಿನ ಮಗುವಿಗೆ ವೈದ್ಯರು ಅಳತೆ ನೋಡಿ ಕೊಟ್ಟಾಗ ಅದೇ ದೊಡ್ಡ ಉಪಕಾರ ಮಾಡುತ್ತದೆ. ಕಣ್ತಪ್ಪಿಸಿ ಕೊಂಡದ್ದು ಕಣ್ತಪ್ಪಿಸಿಯೇ ಕೆಡಿಸುತ್ತದೆ.

ಮುಚ್ಚಿಟ್ಟ ಕಜ್ಜಿ ಕೆಲವೊಮ್ಮೆ ಚರ್ಮದಲ್ಲೇ ನಿಲ್ಲುವುದಿಲ್ಲ. ಕೆರೆದು ಒಡೆದ ಜಾಗದಲ್ಲಿ ಬ್ಯಾಕ್ಟೀರಿಯಾ ಸೇರಿ ಕೀವಾಗುತ್ತದೆ. ಅದರಲ್ಲಿ ಒಂದು ಬಗೆಯ ಸ್ಟ್ರೆಪ್ಟೊಕಾಕಸ್ ಸೋಂಕಿನ ಬಳಿಕ, ಹುಣ್ಣು ಮಾಯ್ದ ಎರಡು ಮೂರು ವಾರಕ್ಕೆ, ಕೆಲವು ಮಕ್ಕಳಿಗೆ ಮೂತ್ರಪಿಂಡ ಊದಿಕೊಳ್ಳುವುದುಂಟು. ಬೆಳಗ್ಗೆ ಏಳುವಾಗ ಮುಖ ಬಾತಿರುತ್ತದೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಹೀಗೆ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಆದರೂ ಬೆರಳ ಸಂದಿಯಲ್ಲಿ ಮುಗಿಯಬಹುದಾಗಿದ್ದ ಸಂಗತಿಯನ್ನು ಅಷ್ಟು ದೂರ ಬೆಳೆಯಲು ಬಿಡಬೇಕೇ?

ಹೇಳಿಕೊಳ್ಳುವುದಕ್ಕೆ ನಮ್ಮ ಹಿರಿಯರಲ್ಲಿ ಒಂದು ದಾರಿ ಇತ್ತು ಎನ್ನುವುದನ್ನು ನೆನೆಯಬೇಕು. ಮನೆಯಲ್ಲಿ ಸೀತಾಳೆ ಸಿಡುಬು ಕಂಡರೆ "ಅಮ್ಮ ಬಂದಿದ್ದಾಳೆ" ಎನ್ನುತ್ತಿದ್ದರು, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಈಗಲೂ ಎಷ್ಟೋ ಊರುಗಳಲ್ಲಿ ಹಾಗೆ ಮಾಡುತ್ತಾರೆ. ಬೇವಿಗೆ ವೈರಾಣುವನ್ನು ತಡೆಯುವ ಶಕ್ತಿ ಇರಲಿ ಬಿಡಲಿ, ಆ ಸೊಪ್ಪು ಒಂದು ಕೆಲಸವನ್ನಂತೂ ಚೆನ್ನಾಗಿ ಮಾಡುತ್ತಿತ್ತು. ಈ ಮನೆಯಲ್ಲಿ ಅಂಟುವ ಕಾಯಿಲೆ ಇದೆ ಎಂದು ಬೀದಿಗೆಲ್ಲ ತಿಳಿಸುತ್ತಿತ್ತು. ಯಾರೂ ಅದಕ್ಕಾಗಿ ಆ ಮನೆಯ ತಾಯಿಯನ್ನು ಹೀಗಳೆಯುತ್ತಿರಲಿಲ್ಲ. ಸಣ್ಣ ಮಕ್ಕಳು, ಬಸುರಿಯರು ದೂರ ಉಳಿಯುತ್ತಿದ್ದರು, ಉಳಿದವರು ಮಜ್ಜಿಗೆಯನ್ನೋ ಎಳನೀರನ್ನೋ ಕಳಿಸುತ್ತಿದ್ದರು. ಒಂದು ಕಾಯಿಲೆಯನ್ನು ಗೌರವದಿಂದ ಸಾರಿಕೊಳ್ಳಲು ಕಲಿತ ನಾವು, ಅದಕ್ಕಿಂತ ಸುಲಭವಾಗಿ ಹೋಗುವ ಕಜ್ಜಿ, ಹೇನುಗಳನ್ನು ಮಾತ್ರ ಬಾಗಿಲು ಹಾಕಿಕೊಂಡು ಮುಚ್ಚಿಡುತ್ತೇವೆ.

ಇದನ್ನು ತಿದ್ದಲು ದೊಡ್ಡ ಸುಧಾರಣೆಯೇನೂ ಬೇಡ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಸರಕಾರಿ ಶಾಲೆಗಳಿಗೆ ಬರುವ ವೈದ್ಯರ ತಂಡ ಮಕ್ಕಳಲ್ಲಿ ಹುಡುಕುವ ಮೂವತ್ತು ತೊಂದರೆಗಳ ಪಟ್ಟಿಯಲ್ಲಿ ಚರ್ಮದ ಕಾಯಿಲೆಗಳೂ ಇವೆ; ಕಜ್ಜಿ, ಗಜಕರ್ಣ, ಇಸುಬು ಮೂರೂ ಸೇರಿವೆ. ಆ ದಿನ ಮಗುವಿಗೆ ತುಂಬುತೋಳಿನ ಅಂಗಿ ತೊಡಿಸಿ ಮುಚ್ಚಿ ಕಳಿಸುವ ಬದಲು "ಡಾಕ್ಟರಿಗೆ ಕೈ ತೋರಿಸು ಕಂದ" ಎಂದು ಹೇಳಿ ಕಳಿಸಬಹುದು. ಮೇಷ್ಟ್ರು ತುರಿಕೆಯ ಮಗುವನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸದೆ, ಆ ತರಗತಿಯ ಎಲ್ಲ ಮನೆಗಳಿಗೂ ಹೆಸರಿಲ್ಲದ ಒಂದು ಚೀಟಿ ಕಳಿಸಬಹುದು. ನಿಲಯದ ಮೇಲ್ವಿಚಾರಕರು ಒಬ್ಬ ಹುಡುಗನನ್ನು ಮಾತ್ರ ಊರಿಗಟ್ಟದೆ, ಕೋಣೆಯ ಎಲ್ಲರಿಗೂ ಒಂದೇ ರಾತ್ರಿ ಮದ್ದು ಹಚ್ಚಿಸಬಹುದು.

ಇನ್ನು ನಮ್ಮ ಪಾಲಿನ ಕೆಲಸ. ಹೇಳುವ ಧೈರ್ಯ ಹೇಳುವವರಲ್ಲಿ ಅರ್ಧವಿದ್ದರೆ, ಉಳಿದರ್ಧ ಕೇಳುವವರ ಮುಖದಲ್ಲಿರುತ್ತದೆ. ಪಕ್ಕದ ಮನೆಯಾಕೆ ಗೇಟಿನ ಬಳಿ ತಡವರಿಸುತ್ತ, "ಅಕ್ಕಾ, ನಮ್ಮ ಪುಟ್ಟನಿಗೆ ಕಜ್ಜಿ ಆಗಿದೆ, ಮದ್ದು ಹಚ್ತಾ ಇದ್ದೀವಿ. ನಿಮ್ಮ ಮಕ್ಕಳದೂ ಒಂಚೂರು ನೋಡ್ಕೊಳ್ಳಿ" ಎಂದಾಗ ನಮ್ಮ ಮುಖ ಒಂದು ಗಳಿಗೆ ಕಿವುಚಿದರೂ ಸಾಕು, ಆಕೆ ಮುಂದೆ ಎಂದೂ ಯಾರಿಗೂ ಹೇಳಲಾರಳು. ನಷ್ಟ ಆಕೆಗಿಂತ ಹೆಚ್ಚಾಗಿ ಬೀದಿಯ ಮಕ್ಕಳದು. ಆಕೆ ಬಂದದ್ದು ನಮ್ಮ ಮಕ್ಕಳ ಒಳಿತಿಗೆ, ತನ್ನ ಮಾನವನ್ನು ಪಕ್ಕಕ್ಕಿಟ್ಟು. ಮಗುವಿಗೆ ಎರಡನೆಯ ಸುತ್ತಿನ ಮದ್ದು ಮುಗಿಯಲಿ, ಅಲ್ಲಿಯವರೆಗೆ ಆಟ ಸ್ವಲ್ಪ ದೂರದಿಂದ ನಡೆಯಲಿ, ಸ್ನೇಹ ದೂರವಾಗದಿರಲಿ. ಆಕೆಗೆ ಕೊಡಬೇಕಾದ ಉತ್ತರ ಬಲು ಚಿಕ್ಕದು: "ಹೇಳಿದ್ದು ತುಂಬಾ ಒಳ್ಳೇದಾಯ್ತು. ಯಾವ ರಾತ್ರಿ ಹಚ್ತೀರಿ ಹೇಳಿ, ನಾವೂ ಅವತ್ತೇ ಹಚ್ಕೊಳ್ತೀವಿ."